ತೇಜಿಯ ಗುಣದೋಷ

‘ನಾಲ್ಕು ತಿಂಗಳು ಮನೆಯಲ್ಲಿಟ್ಟುಕೊಂಡು ಬಳಸಿ, ಆಮೇಲೆ ತೇಜಿಯ ಗುಣವೇನು, ದೋಷವೇನು ಹೇಳಿ’ ಎಂದು ಡಾಕ್ಟರ್ ಹಂಚಿನಮನಿ ಕೇಳಿಕೊಂಡಾಗ ನನಗೆ ನಗು ಬಂತು. ದನದ ಸಂತೆಯಲ್ಲಿ ಎತ್ತಿನ ಹಲ್ಲು ಹಿಡಿದು, ಸುಳಿ ನೋಡಿ, ಬಾಲ ತಿರುವಿ ಹೇಳಿದ ಹಾಗೆ ಹೇಳಿದರಾಯಿತು ಅಂದುಕೊಂಡೆ. ಹೆಸರೇನೋ ಕುದುರೆಯದು, ಆದರೆ ತೇಜಿ ಎಂಬುದು ಅಂಗೈಯಷ್ಟೂ ಅಗಲವಿಲ್ಲದ ಒಂದು ಪ್ರೊಸೆಸರ್. ಮೇಜಿನ ಕೆಳಗಿಡುವ ದೊಡ್ಡ ಕಂಪ್ಯೂಟರಿನ ಹೊಟ್ಟೆಯೊಳಗೆ ಕೂತು, ದನಿಯಿಲ್ಲದ ನನ್ನಂಥವರ ಪರವಾಗಿ ಮಾತಾಡುವುದು ಅದರ ಕೆಲಸ.

ನನ್ನ ಹೆಸರು ಅಂಬವ್ವ. ನಾಟಕ ಕಂಪನಿಯಲ್ಲಿ ನಲವತ್ತು ವರ್ಷ ಹಾಸ್ಯದ ಪಾತ್ರ ಮಾಡಿದವಳು. ಗದಗಿನಲ್ಲಿ ಕ್ಯಾಂಪ್ ಹಾಕಿರಲಿ, ಇಳಕಲ್ಲಿನಲ್ಲಿ ಹಾಕಿರಲಿ, ನಾನು ಮತ್ತು ದಾವಲಸಾಬ ರಂಗಕ್ಕೆ ಬಂದರೆ ಪೆಂಡಾಲು ಏಳುತ್ತಿತ್ತು. ಅವನು ಒಂದು ಅಂದರೆ ನಾನು ಎರಡು ಅನ್ನಬೇಕು, ಅದೂ ಜನರ ನಗು ಇಳಿಯುವ ಮೊದಲೇ ಅನ್ನಬೇಕು. ಅರ್ಧ ಉಸಿರು ತಡವಾದರೆ ಆ ಮಾತು ಹಳಸಿದ ಸಾರು. ಕಂಪನಿ ಮುಚ್ಚಿದ ಮೇಲೆ ಇಬ್ಬರೂ ಹಳೇ ಹುಬ್ಬಳ್ಳಿಯಲ್ಲೇ ಉಳಿದೆವು. ನನಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಅವನ ಹೆಂಡತಿ ತೀರಿಕೊಂಡಿದ್ದಳು, ಮಗಳು ಸೊಲ್ಲಾಪುರಕ್ಕೆ ಮದುವೆಯಾಗಿ ಹೋಗಿದ್ದಳು. ದಿನಾ ಸಂಜೆ ಅವನು ನನ್ನ ಮನೆಗೆ ಬಂದು ಕೂತು, ನನ್ನನ್ನು ಬೈದು, ನನ್ನಿಂದ ಬೈಸಿಕೊಂಡು ಹೋಗುತ್ತಿದ್ದ. ನಮಗೆ ಬೇರೆ ನಂಟಸ್ತನ ಬೇಕಿರಲಿಲ್ಲ.

ಆಮೇಲೆ ನನ್ನ ಗಂಟಲಿಗೆ ಕ್ಯಾನ್ಸರ್ ಬಂದು, ಧ್ವನಿಪೆಟ್ಟಿಗೆಯನ್ನೇ ತೆಗೆದು ಹಾಕಿದರು. ಮೊದಮೊದಲು ಫೋನಿನಲ್ಲಿ ಟೈಪ್ ಮಾಡಿ ಓದಿಸುತ್ತಿದ್ದೆ. ದಾವಲನಿಗೆ ಅಕ್ಷರ ಬರುವುದಿಲ್ಲ, ಪಾತ್ರಗಳನ್ನೆಲ್ಲ ಕಿವಿಯಿಂದಲೇ ಕಲಿತವನು. ಹಾಗಾಗಿ ಫೋನಿನೊಳಗಿನ ಯಾವುದೋ ಹುಡುಗಿ ರೈಲು ಬರುವುದನ್ನು ಸಾರುವ ದನಿಯಲ್ಲಿ ನನ್ನ ಬೈಗುಳಗಳನ್ನು ಓದುತ್ತಿದ್ದಳು. ‘ಈ ಹುಡುಗಿ ಕಡಿಂದ ಬೈಸ್ಕೊಳಾಕ ನನಗ ನಾಚಿಕಿ ಬರ್ತೈತಿ’ ಎಂದು ಅವನು ಮುಖ ತಿರುಗಿಸಿದ.

ಆಗ ಸಿಕ್ಕಿದ್ದು ವಿದ್ಯಾನಗರದ ಪ್ರಯೋಗಾಲಯ ಮತ್ತು ಡಾಕ್ಟರ್ ಹಂಚಿನಮನಿ. ಅವರು ಔಷಧ ಕೊಡುವ ಡಾಕ್ಟರಲ್ಲ, ಕಂಪ್ಯೂಟರ್ ಓದಿದವರು, ಹಾವೇರಿ ಕಡೆಯ ಹೆಣ್ಣುಮಗಳು. ದನಿ ಹೋದರೂ, ಮಾತಾಡಬೇಕು ಅನ್ನಿಸಿದಾಗ ಕತ್ತು, ದವಡೆ, ನಾಲಿಗೆಯ ಬುಡದ ಸ್ನಾಯುಗಳು ಮಿಡಿಯುತ್ತಲೇ ಇರುತ್ತವಂತೆ. ಅವರು ಕೊಟ್ಟ ಪಟ್ಟಿಯನ್ನು ಕತ್ತಿಗೆ ಕಟ್ಟಿಕೊಂಡರೆ ಅದು ಆ ಮಿಡಿತವನ್ನು ಓದುತ್ತದೆ. ಕಂಪ್ಯೂಟರು ಅದು ಯಾವ ಮಾತೆಂದು ಲೆಕ್ಕ ಹಾಕಿ, ನನ್ನ ನಾಟಕದ ಹಳೆಯ ಕ್ಯಾಸೆಟ್ಟುಗಳಿಂದ ಕಟ್ಟಿದ ನನ್ನದೇ ದನಿಯಲ್ಲಿ ಸ್ಪೀಕರಿನಿಂದ ಆಡುತ್ತದೆ. ಮೊದಲ ದಿನ ನನ್ನ ದನಿ ನಾನೇ ಕೇಳಿ ಅತ್ತೆ.

ಆದರೆ ಆ ಮೊದಲ ಯಂತ್ರದ ಪ್ರೊಸೆಸರ್ ಸಾಧಾರಣದ್ದು. ಲೆಕ್ಕ ಮುಗಿಸಲು ಒಂದು ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟು ಹೊತ್ತು ಬೇಕಾಗುತ್ತಿತ್ತು. ಒಂದು ಸಂಜೆ ದಾವಲ, ‘ಏನ್ ಬೇ, ದಪ್ಪಾಗಾಕತ್ತೀಯಲ್ಲ, ದವಾಖಾನಿ ಊಟ ಹಿಡಿಸ್ತೇನು?’ ಅಂದ. ನಾನು ತಕ್ಷಣ ಉತ್ತರ ಹೊಸೆದೆ. ಯಂತ್ರ ಲೆಕ್ಕ ಹಾಕುತ್ತ ಕೂತಿತು. ಅಷ್ಟರಲ್ಲಿ ಅವನು ಕಾದು ಸಾಕಾಗಿ, ಮುಖ ಸಣ್ಣದು ಮಾಡಿಕೊಂಡು, ‘ಹಾರ್ಮೋನಿಯಂ ಮಾಸ್ತರ ತೀರ್ಕೊಂಡ್ರಂತ, ನಿನ್ನೆ’ ಎಂದ. ಆಗ ನನ್ನ ದನಿ ಸ್ಪೀಕರಿನಿಂದ ಖುಷಿಯಾಗಿ ಹೊರಟಿತು: ‘ಹೌದಪಾ, ನಿನ್ನ ಮಾರಿ ನೋಡೂದು ತಪ್ಪಿತ್ತಲ್ಲ, ಅದಕ್ಕ ಮೈ ಹಿಡೀತು!’

ದಾವಲ ನಗಲಿಲ್ಲ, ಬೈಯಲೂ ಇಲ್ಲ. ಆಮೇಲಾಮೇಲೆ ದಿನಾ ಬರುವವನು ವಾರಕ್ಕೊಮ್ಮೆ ಬಂದ, ಮುಂದೆ ಅದೂ ನಿಂತಿತು. ನಾನು ಅವನನ್ನು ದೂರುವುದಿಲ್ಲ. ತಾಳ ತಪ್ಪಿದವರ ಜೊತೆ ಯಾರು ಹಾಡುತ್ತಾರೆ?

ಇದನ್ನು ಹೇಳಿಕೊಂಡಾಗ ಹಂಚಿನಮನಿ ತೇಜಿಯನ್ನು ತೋರಿಸಿದರು. ಪ್ರಯೋಗಾಲಯದ ಮೇಜಿನ ಮೇಲೆ ಬಿಚ್ಚಿಟ್ಟ ಕಂಪ್ಯೂಟರು, ಅದರ ನಡುವೆ ಬೆಳ್ಳಿ ಬಿಲ್ಲೆಯಂಥ ಚೌಕ, ಅದರ ನೆತ್ತಿಯ ಮೇಲೆ ತಂಪು ಮಾಡಲು ಇಟ್ಟಿಗೆ ಗಾತ್ರದ ಲೋಹದ ಗಟ್ಟಿ, ಎರಡು ಫ್ಯಾನು.

‘ಇದರಾಗ ಇಪ್ಪತ್ತನಾಕು ಕೋರ್ ಅದಾವ್ರಿ ಅವ್ವಾರ. ಇಪ್ಪತ್ತನಾಕು ಮಂದಿ ಒಮ್ಮೆಲೇ ಕೆಲಸಕ್ಕ ನಿಂತಂಗ. ಮ್ಯಾಲೆ ಕ್ಯಾಶ್ ಅಂತ ನೆನಪಿನ ಜಾಗಾ ಐತಿ, ಕೈಗೆ ಸಿಗೂ ಹಂಗ. ನಿಮ್ಮ ಮಾತಿನ ವರಸಿ ಅಷ್ಟೂ ಅದರಾಗ ಹಿಡಿತೈತಿ, ಹುಡುಕಾಕ ದೂರ ಹೋಗಬೇಕಾಗಿಲ್ಲ. ಆದ್ರ ಇದರ ಖರೇ ಗುಣ ಊಹೆ.’

‘ಊಹೆ ಅಂದ್ರ?’ ಎಂದು ನನ್ನ ಹಳೆಯ ಯಂತ್ರ, ಅವರು ನೀರು ಕುಡಿದು ಲೋಟ ಇಟ್ಟ ಮೇಲೆ ಕೇಳಿತು.

‘ಎಲ್ಲಾ ಪ್ರೊಸೆಸರೂ ಮುಂದಿನ ಹೆಜ್ಜಿ ಏನಿರಬಹುದು ಅಂತ ಊಹಿಸಿ, ಕೆಲಸ ಮೊದಲ ಮಾಡಿ ಇಟ್ಟಿರ್ತಾವ್ರಿ. ಊಹೆ ತಪ್ಪಿದ್ರ ಒಗದ ಬಿಡ್ತಾವು, ಹೊರಗಿನವ್ರಿಗೆ ಗೊತ್ತ ಆಗಂಗಿಲ್ಲ. ತೇಜಿ ಬಾಳ ದೂರ ಊಹಿಸ್ತೈತಿ. ಎದುರಿಗಿನವ್ರ ಮಾತು ಕೇಳಿ, ನಿಮ್ಮ ಗಂಟಲು ಮಿಡಿಯೂದು ಶುರುವಾಗೂದ್ರಾಗ ನೀವು ಏನು ಹೇಳವ್ರು ಅಂತ ತಯಾರು ಮಾಡಿ ಆಡಿ ಬಿಡ್ತೈತಿ.’

ಆಡಿದ ಮೇಲೆ ಒಗೆದು ಬಿಸಾಡುವುದು ಹೇಗೆ ಎಂದು ನಾನು ಕೇಳಿದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುವುದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಹಂಚಿನಮನಿ ಒಂದು ಗುಂಡಿ ಕೊಟ್ಟರು. ಊಹೆ ತಪ್ಪಿದಾಗ ಅದನ್ನು ಒತ್ತಿದರೆ ತೇಜಿ ‘ಅಲ್ಲಲ್ಲ’ ಎಂದು ತಡೆದು, ನನ್ನ ಗಂಟಲು ನಿಜಕ್ಕೂ ಹೇಳಿದ್ದನ್ನು ಓದಿ ಆಡುತ್ತದೆ. ಒತ್ತದಿದ್ದರೆ ಊಹೆ ಸರಿಯಾಯಿತೆಂದು ತಿಳಿದು, ಮುಂದೆ ಅದೇ ದಾರಿ ಹಿಡಿಯುತ್ತದೆ.

ಗುಣದ ಮಾತು ಮೊದಲು ಹೇಳುತ್ತೇನೆ. ತೇಜಿ ಬಂದ ಸುದ್ದಿ ಕೇಳಿ ದಾವಲ ಅಳುಕುತ್ತಲೇ ಬಂದ. ಹೊಸ್ತಿಲಲ್ಲೇ ನಿಂತು, ‘ಏನ್ ಬೇ ಅಂಬವ್ವ, ಹೊಸಾ ಪೆಟಗಿ ತಂದೀಯಂತ?’ ಅಂದ.

‘ಹೌದಪಾ, ಹಳೇ ಪೆಟಗಿ ಒಂದು ದಿನಾ ಬಂದು ಕುಂದರತಿತ್ತು, ಜೋಡಿ ಆಗ್ಲಿ ಅಂತ ತಂದೆ!’

ಅವನ ಮಾತಿನ ಬಾಲ ಹಿಡಿದೇ ನನ್ನ ದನಿ ಹೊರಟಿತ್ತು. ದಾವಲ ಬಾಗಿಲ ಚೌಕಟ್ಟು ಹಿಡಿದು, ತೊಡೆ ಬಡಿದುಕೊಂಡು ನಕ್ಕ. ಕಣ್ಣಲ್ಲಿ ನೀರು ಬಂತು. ‘ಬಂದ್ಲು! ಅಂಬವ್ವ ತಿರುಗಿ ಬಂದ್ಲು!’ ಎಂದು ಪಕ್ಕದ ಮನೆಯವರನ್ನೆಲ್ಲ ಕರೆದ. ಆವತ್ತು ಅವನು ಮನೆಗೆ ಹೋಗಬೇಕೆಂಬುದನ್ನೇ ಮರೆತ. ನನಗೆ ಅಷ್ಟು ಸಂತೋಷ ಆಪರೇಷನ್ ಆಗಿ ಬದುಕಿ ಬಂದಾಗಲೂ ಆಗಿರಲಿಲ್ಲ.

ದೋಷಗಳು ಇದ್ದವು, ಸಣ್ಣವು. ತೇಜಿಗೆ ಹೊಟ್ಟೆ ದೊಡ್ಡದು, ಕರೆಂಟು ಕುಡಿಯುತ್ತದೆ. ಮೂರು ಮಾತು ಜೋರಾಗಿ ಆಡಿಸಿದರೆ ಫ್ಯಾನು ಗೊರಕೆ ಹೊಡೆಯುತ್ತದೆ. ಬೇಸಿಗೆಯಲ್ಲಿ ನನ್ನ ಒಳಗಿನ ಕೋಣೆ ರೊಟ್ಟಿ ಬೇಯಿಸುವ ಹಂಚಿನ ಹತ್ತಿರ ಕೂತ ಹಾಗಾಯಿತು. ಕರೆಂಟು ಹೋದರೆ ಅರ್ಧ ಮಾತಿಗೇ ನಾನು ಮೂಕಿ. ಪೆಟ್ಟಿಗೆ ಎತ್ತಿಕೊಂಡು ತಿರುಗುವಂತಿಲ್ಲವಾದ್ದರಿಂದ ನನ್ನ ದನಿಯ ಗಡಿ ನನ್ನ ಹೊಸ್ತಿಲು. ಬೀದಿಯ ಸೊಪ್ಪಿನವಳ ಜೊತೆ ಚೌಕಾಸಿ ಮಾಡಬೇಕಾದರೆ ಅವಳನ್ನು ಒಳಗೆ ಕರೆಯಬೇಕು. ಬೆಕ್ಕಿಗೆ ಮಾತ್ರ ಪೆಟ್ಟಿಗೆಯ ಬಿಸಿ ಹಿತವಾಗಿ, ಅದರ ಮೇಲೆಯೇ ಸಂಸಾರ ಹೂಡಿತು. ಇವನ್ನೆಲ್ಲ ನಾನು ದೋಷವೆಂದು ಎಣಿಸಲೇ ಇಲ್ಲ.

ಒಂದು ದಿನ ದಾವಲ ಸುಮ್ಮನೆ ಕೇಳಿದ: ‘ನಿದ್ದಿ ಬರ್ತೈತೇನು ಬೇ ಈಗ?’

ಇಲ್ಲ, ಅಂಜಿಕೆಯಾಗುತ್ತದೆ, ರೋಗ ತಿರುಗಿ ಬಂದೀತು ಅನ್ನಿಸುತ್ತದೆ ಎಂದು ಹೇಳಬೇಕೆಂದಿದ್ದೆ. ಯಾರ ಹತ್ತಿರವೂ ಹೇಳಿಕೊಳ್ಳದ ಮಾತು ಅದು. ಗಂಟಲು ಮಿಡಿಯುವ ಮೊದಲೇ ತೇಜಿ, ‘ನಿನ್ನ ಪಾರ್ಟು ನೆನಿಸ್ಕೊಂಡ್ರ ಸಾಕಪಾ, ಕುಂತಲ್ಲೇ ಗೊರಕಿ ಹೊಡೀತೀನಿ’ ಅಂದಿತು. ದಾವಲ ಬಿದ್ದು ಬಿದ್ದು ನಕ್ಕ. ಗುಂಡಿ ನನ್ನ ಬೆರಳ ಕೆಳಗೇ ಇತ್ತು. ಒತ್ತಲಿಲ್ಲ.

ಏಕೆಂದು ನಾಟಕದವರಿಗೆ ಹೇಳಬೇಕಾಗಿಲ್ಲ. ರಂಗದ ಮೇಲೆ ಬಿದ್ದ ಮಾತನ್ನು ಎತ್ತಬಾರದು, ಅದು ನಮ್ಮ ಕಂಪನಿಯ ಮೊದಲ ಪಾಠ. ಒಮ್ಮೆ ಪೊಲೀಸನ ವೇಷದ ದಾವಲ, ‘ನಿನ್ನ ಗಂಡ ಬಂದಾನ’ ಅನ್ನುವ ಬದಲು ‘ನಿನ್ನ ಗಂಡ ಸತ್ತಾನ’ ಅಂದುಬಿಟ್ಟ. ಹಿಂದೆ ಗಂಡನ ವೇಷದವನು ಒಳಗೆ ಬರಲು ನಿಂತಿದ್ದ. ನಾನು ಎದೆ ಬಡಿದುಕೊಂಡು ಅತ್ತು, ಗಂಡ ಒಳಗೆ ಬಂದ ಕೂಡಲೇ, ‘ಸತ್ತು ದಣದ ಬಂದಾನ, ಕೈಕಾಲಿಗೆ ನೀರು ಕೊಡ್ರೆವ್ವಾ’ ಅಂದೆ. ಜನ ಒನ್ಸ್ ಮೋರ್ ಎಂದು ಕೂಗಿ ಆ ಗಂಡನನ್ನು ಇನ್ನೆರಡು ಸಲ ಸಾಯಿಸಿದರು. ತಪ್ಪನ್ನು ತಪ್ಪು ಎಂದವನು ನಟನಲ್ಲ, ಸಂಭಾಳಿಸಿದವನು ನಟ. ನಲವತ್ತು ವರ್ಷ ಹಾಗೆ ಬಾಳಿದ ಕೈ ‘ಅಲ್ಲಲ್ಲ’ ಅನ್ನುವ ಗುಂಡಿಯನ್ನು ಒತ್ತುವುದು ಹೇಗೆ? ನಾನು ಕಣ್ಣು ಮುಚ್ಚಿ ಗೊರಕೆಯ ಅಭಿನಯ ಮಾಡಿದೆ. ದಾವಲ ಇನ್ನಷ್ಟು ನಕ್ಕ.

ತೇಜಿ ಅದನ್ನು ಸರಿ ಎಂದು ಬರೆದುಕೊಂಡಿತು. ಮರುದಿನ ಇನ್ನೊಂದು ತಪ್ಪು, ಅದನ್ನೂ ಸಂಭಾಳಿಸಿದೆ. ಬರಬರುತ್ತ ಅದು ನಾನು ಹೇಳಬೇಕೆಂದದ್ದನ್ನು ಬಿಟ್ಟು, ರಂಗದ ಮೇಲಿನ ಅಂಬವ್ವ ಏನು ಹೇಳುತ್ತಿದ್ದಳೋ ಅದನ್ನೇ ಆಡತೊಡಗಿತು. ಗಂಟಲು ಒಂದಿಷ್ಟು ಅಲುಗಿದರೆ ಸಾಕು, ಎಂಜಲು ನುಂಗಿದರೂ ಸಾಕು, ಒಂದು ಚಟಾಕಿ ಹಾರುತ್ತಿತ್ತು. ಚಟಾಕಿಗಳು ಚೆನ್ನಾಗಿಯೂ ಇರುತ್ತಿದ್ದವು. ನಾನು ಅಕ್ಕಿಯಲ್ಲಿ ಕಲ್ಲು ಆರಿಸುತ್ತ ಕೂತಿರುತ್ತಿದ್ದೆ, ದಾವಲ ಸ್ಪೀಕರಿನ ಕಡೆ ಮುಖ ಮಾಡಿ ಹರಟುತ್ತಿದ್ದ. ನನ್ನ ಮನೆಯಲ್ಲಿ ಇಬ್ಬರು ನಗುತ್ತಿದ್ದರು, ನಾನು ಅವರ ಹತ್ತಿರ ಕೂತ ಮೂರನೆಯವಳು. ದನಿಯೇ ಇಲ್ಲದ ದಿನಗಳಲ್ಲೂ ನಾನು ಅಷ್ಟು ಒಂಟಿಯಾಗಿರಲಿಲ್ಲ. ಆದರೂ ಬಿಡಲಾರೆ, ಏಕೆಂದರೆ ತೇಜಿ ಸುಮ್ಮನಾದರೆ ದಾವಲ ಬರುವುದಿಲ್ಲ.

ಮೂರನೆಯ ತಿಂಗಳು ಪ್ರಯೋಗಾಲಯದಲ್ಲಿ ಹಬ್ಬದ ವಾತಾವರಣ. ಹಂಚಿನಮನಿ ತಮ್ಮ ಹಿರಿಯರನ್ನೆಲ್ಲ ಕರೆಸಿದ್ದರು.

‘ಅವ್ವಾರ, ನೀವು ಗುಂಡಿ ಒತ್ತೇ ಇಲ್ಲಲ್ರಿ! ಒಂದ ಸಲಾನೂ ಇಲ್ಲ! ಇಂಥಾ ಊಹೆ ನಾವು ಎಲ್ಲೂ ನೋಡಿಲ್ಲ. ಗಂಟಲಾಪರೇಷನ್ ಆದ ನಲವತ್ತು ಮಂದಿ ಮನಿಗೆ ಇದನ್ನ ಕೊಡೂದು ಅಂತ ಮಾತಾಗೇತಿ.’

ನಿಜ ಹೇಳಿಬಿಡಬೇಕು ಅಂದುಕೊಂಡೆ. ಇದು ನಾನಲ್ಲ, ಇದರ ತಪ್ಪುಗಳನ್ನು ನಾನು ಸುಮ್ಮನೆ ಮುಚ್ಚಿಕೊಂಡು ಬಂದೆ ಎಂದು ಗಂಟಲು ಎತ್ತಿದೆ. ಹಿರಿಯರಿಗೆ ತೋರಿಸಲೆಂದು ಅವರೇ ನನ್ನ ಮನೆಯಿಂದ ಗಾಡಿಯಲ್ಲಿ ತರಿಸಿದ್ದ ತೇಜಿ, ‘ನನ್ನ ಮನಸಿನಾಗ ಬಾಡಿಗಿ ಇದ್ದಂಗ ಐತ್ರಿ ಇದು, ಬಾಡಿಗಿ ಮಾತ್ರ ಕೊಡಂಗಿಲ್ಲ’ ಅಂದಿತು. ಹಿರಿಯರೆಲ್ಲ ಚಪ್ಪಾಳೆ ತಟ್ಟಿದರು. ನಾನು ಕೈಮುಗಿದು ಬಗ್ಗಿದೆ. ಚಪ್ಪಾಳೆ ಬಿದ್ದರೆ ಬಗ್ಗುವ ಬೆನ್ನು ನನ್ನದು.

ಅದಾದ ಕೆಲವೇ ದಿನಕ್ಕೆ ದಾವಲ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಬಂದ. ಕೂತ, ಚಹಾ ಬೇಡ ಅಂದ.

‘ಶಮೀಮ ಫೋನ್ ಮಾಡಿದ್ಲು. ಸೊಲ್ಲಾಪುರಕ್ಕ ಬಂದ ಬಿಡು ಅಬ್ಬಾ, ಖೋಲಿ ಬಿಟ್ಟ ಬಿಡು ಅಂತಾಳ. ಅಳಿಯಾನೂ ಒಳ್ಳೇಂವ. ನನಗೇನೋ... ಇಲ್ಲೇ ರೂಢಿ ಆಗೇತಿ. ನೀ ಹೇಳು. ಹೋಗ್ಲೇನು?’

ಮೊದಲ ಸಲ ಅವನು ಸ್ಪೀಕರನ್ನು ಬಿಟ್ಟು ನನ್ನ ಮುಖ ನೋಡಿ ಕೇಳಿದ್ದ. ಬ್ಯಾಡ ಎಂಬ ಒಂದೇ ಮಾತು ನನ್ನ ಮೈಯೆಲ್ಲ ತುಂಬಿ ಗಂಟಲಿಗೆ ಏರಿತು. ಅದು ಏರುವಷ್ಟರಲ್ಲಿ ತೇಜಿ ಆಡಿ ಮುಗಿಸಿತ್ತು.

‘ಹೋಗೋ, ಹೋಗು! ಹುಬ್ಬಳ್ಳಿಗೆ ಹಿಡಿದ ಪೀಡಾ ಸೊಲ್ಲಾಪುರಕ್ಕ ದಾಟಿದ್ರ ನಾನೂ ಒಂದೀಟು ಆರಾಮ ಇರ್ತೀನಿ!’

ಅದು ಹಳೆಯ ನಾಟಕದ ಮಾತು, ಊರಷ್ಟೇ ಬೇರೆ. ದಾವಲನ ನಗು ಸ್ವಲ್ಪ ತಡವಾಗಿ ಬಂತು. ಆದರೆ ಬಂತು. ಅವನು ನಕ್ಕದ್ದು ನೋಡಿ ನನ್ನ ಮುಖ ತಾನಾಗಿಯೇ ನಕ್ಕಿತು. ಬೆರಳು ಗುಂಡಿಯ ಮೇಲೇ ಮರಗಟ್ಟಿತ್ತು. ಅವನು ಎದ್ದು, ಟೋಪಿ ಹಾಕಿಕೊಂಡು, ಚಪ್ಪಲಿ ಮೆಟ್ಟುವಾಗ ನಾನು ಒತ್ತಿದೆ.

‘ಅಲ್ಲಲ್ಲ’ ಅಂದಿತು ತೇಜಿ.

‘ಯಾಕ ಬೇ, ಸೊಲ್ಲಾಪುರ ಸಾಲೂದಿಲ್ಲೇನು? ಇನ್ನೂ ದೂರ ಹೋಗಬೇಕೇನು?’ ಎಂದು ನಗುತ್ತ, ಕೈ ಬೀಸಿ, ಮೆಟ್ಟಿಲಿಳಿದು ಹೋದ. ‘ಬ್ಯಾಡ’ ಎಂದು ಸ್ಪೀಕರು ಹೇಳುವಾಗ ಕೋಣೆಯಲ್ಲಿ ಬೆಕ್ಕು ಮಾತ್ರ ಇತ್ತು. ನಾನು ಬೀದಿಗೆ ಓಡಿದೆ. ಬೀದಿಯಲ್ಲಿ ನಾನು ಮೂಕಿ. ಅವನು ತಿರುವಿನಲ್ಲಿ ಆಟೋ ಹತ್ತಿದ್ದ. ನಾಲ್ಕು ದಿನ ಅವನ ಬಾಡಿಗೆ ಖೋಲಿಗೆ ಹೋಗಲು ಮನಸ್ಸು ಗಟ್ಟಿ ಮಾಡಿಕೊಳ್ಳುತ್ತಿದ್ದೆ. ಹೋದಾಗ ಬೀಗ ಹಾಕಿತ್ತು.

ಡಾಕ್ಟರ್ ಹಂಚಿನಮನಿಯವರನ್ನು ಮನೆಗೇ ಕರೆಸಿ, ಈ ಸಲ ಎಲ್ಲವನ್ನೂ ಫೋನಿನಲ್ಲಿ ಟೈಪ್ ಮಾಡಿ ತೋರಿಸಿದೆ. ಅವರು ಓದಿ, ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು.

‘ನಂದ ತಪ್ಪು ಅವ್ವಾರ. ತಪ್ಪಾದ್ರ ಮನುಷ್ಯಾ ಒತ್ತೇ ಒತ್ತತಾನ ಅಂತ ತಿಳಕೊಂಡೆ. ಯಾರೂ ಒತ್ತಂಗಿಲ್ಲ ನೋಡ್ರಿ. ಎದುರಿಗಿನವ್ರು ನಕ್ಕ ಮ್ಯಾಲೆ ಯಾರು ಅಲ್ಲ ಅಂತಾರ?’

ಊಹಿಸುವುದನ್ನು ನಿಲ್ಲಿಸಿ ನೋಡಿದೆವು. ತೇಜಿ ನಾನು ಹೇಳಿದ್ದನ್ನು ಬಿಟ್ಟು ಬೇರೇನೂ ಹೇಳಲಿಲ್ಲ. ಹಳೆಯ ಯಂತ್ರಕ್ಕಿಂತ ಬೇಗ, ಆದರೆ ಮನುಷ್ಯರಿಗಿಂತ ತಡ. ಇಪ್ಪತ್ತನಾಲ್ಕು ಮಂದಿ ಬೆವರು ಸುರಿಸಿ ದುಡಿದರೂ ಒಂದು ಎಲೆಯಡಿಕೆಯ ಹೊತ್ತು ಅರ್ಧಕ್ಕಿಳಿಯಿತು, ಅಷ್ಟೇ. ನಲವತ್ತು ಮನೆಗಳಿಗೆ ಹೀಗೆಯೇ ಕೊಡಿ ಎಂದೆ.

‘ತಡ ಆಗ್ತೈತಲ್ರಿ. ಮಂದಿ ಕಾಯಂಗಿಲ್ಲ.’

‘ಕಾಯೂದಿಲ್ರಿ’ ಎಂದು ತೇಜಿ ನನ್ನ ಪರವಾಗಿ, ನಿಧಾನವಾಗಿ ಒಪ್ಪಿಕೊಂಡಿತು. ‘ಆದ್ರೂ ಹಂಗ ಕೊಡ್ರಿ.’

ಗುಣದೋಷದ ವರದಿ ಅಲ್ಲಿಗೆ ಮುಗಿಯಿತು. ನನ್ನ ಕೆಲಸ ಮುಗಿದಿರಲಿಲ್ಲ. ಪೆಟ್ಟಿಗೆಯನ್ನು ಹೊತ್ತೊಯ್ಯುವಂತಿಲ್ಲ. ಫೋನ್ ಮಾಡಿ ಹೇಳುವ ಮಾತೂ ಅದಲ್ಲ. ಸೊಲ್ಲಾಪುರದ ರೈಲು ಹತ್ತಿದೆ.

ಶಮೀಮಳ ಮನೆ ಹುಡುಕಿಕೊಂಡು ಹೋದಾಗ ಮಧ್ಯಾಹ್ನ. ಮೊಮ್ಮಕ್ಕಳು ಶಾಲೆಗೆ ಹೋಗಿದ್ದರು. ದಾವಲ ಪಡಸಾಲೆಯಲ್ಲಿ ಬೆಳ್ಳುಳ್ಳಿ ಬಿಡಿಸುತ್ತ ಕೂತಿದ್ದ. ನನ್ನನ್ನು ನೋಡಿ ಅವನ ಮುಖ ಅರಳಿದ ಪರಿ ನೋಡಿ, ದಾರಿಯ ದಣಿವೆಲ್ಲ ಹೋಯಿತು. ಶಮೀಮ ನೀರು ಕೊಟ್ಟು, ಊಟಕ್ಕೆ ಅಣಿ ಮಾಡಲು ಒಳಗೆ ಹೋದಳು. ನಾನು ಫೋನ್ ತೆಗೆದು, ರೈಲಿನಲ್ಲಿ ಬರುತ್ತ ಟೈಪ್ ಮಾಡಿಟ್ಟುಕೊಂಡದ್ದನ್ನು ಓದಿಸಿದೆ. ಫೋನಿನೊಳಗಿನ ಆ ಹುಡುಗಿ ತನ್ನ ಸಾರುವ ದನಿಯಲ್ಲಿ ಓದಿದಳು.

‘ದಾವಲ್, ಹೋಗು ಎಂದು ನಾನು ಹೇಳಲಿಲ್ಲ. ಯಂತ್ರ ತಾನೇ ಊಹಿಸಿ ಹೇಳಿತು. ನಾನು ಹೇಳಬೇಕೆಂದಿದ್ದು ಬೇಡ ಎಂದು. ಹುಬ್ಬಳ್ಳಿಗೆ ಬಂದುಬಿಡು.’

ಈ ಸಲ ಅವನು ಆ ಹುಡುಗಿಗೆ ಮುಖ ತಿರುಗಿಸಲಿಲ್ಲ. ಇನ್ನೊಮ್ಮೆ ಓದಿಸು ಎಂದು ಕೈಸನ್ನೆ ಮಾಡಿದ. ಓದಿಸಿದೆ. ಬೆಳ್ಳುಳ್ಳಿಯ ಸಿಪ್ಪೆಯನ್ನು ಒಂದು ಕಡೆ ಗುಡ್ಡೆ ಮಾಡಿದ.

‘ಯಂತ್ರಾನ ಊಹಿಸ್ತು’ ಅಂದ.

ತಲೆಯಾಡಿಸಿದೆ.

‘ಹಂಗಾರ ಅದಕ್ಕ ಮೊದಲ ಆಡಿದ್ದು? ಪೆಟಗಿ ಅಂದಿದ್ದು, ಗೊರಕಿ ಅಂದಿದ್ದು? ಹಾರ್ಮೋನಿಯಂ ಮಾಸ್ತರನ್ನ ನೆನಿಸಿ ನಾ ಅತ್ತಾಗ ನಗಿಸಿದ್ದು? ಅಷ್ಟ ದಿನಾ ನಾ ನಕ್ಕೊಂತ ಕುಂತಿದ್ದು ಯಾರ ಕೂಡ?’

ಇಡೀ ರೈಲು ದಾರಿಯಲ್ಲಿ ಈ ಪ್ರಶ್ನೆ ನನಗೆ ಹೊಳೆದಿರಲಿಲ್ಲ. ಫೋನ್ ಕೈಯಲ್ಲೇ ಇತ್ತು. ಯಂತ್ರದ ಕೂಡ ಎಂದು ಟೈಪ್ ಮಾಡಲು ಎಷ್ಟು ಹೊತ್ತು? ಆದರೆ ಅವನು ನನ್ನನ್ನೇ ನೋಡುತ್ತಿದ್ದ, ಬೆಳ್ಳುಳ್ಳಿಯ ಬೆರಳುಗಳು ತೊಡೆಯ ಮೇಲಿದ್ದವು. ಹೆಂಡತಿ ಸತ್ತ ಮೇಲೆ ಅವನಿಗಿದ್ದ ನಗುವೆಲ್ಲ ನನ್ನ ಆ ಕೋಣೆಯದು. ಅದರಲ್ಲಿ ಮೂರು ತಿಂಗಳನ್ನು ಅವನಿಂದ ಕಿತ್ತುಕೊಳ್ಳಲು ನನ್ನಿಂದಾಗಲಿಲ್ಲ. ಫೋನನ್ನು ಕೆಳಗಿಟ್ಟು ನನ್ನ ಎದೆಯ ಮೇಲೆ ಕೈ ಇಟ್ಟುಕೊಂಡೆ.

‘ನನ್ನ ಕೂಡ ಅಂತೀಯೇನು? ಎಲ್ಲಾ ನೀನ ಆಡಿದ್ದು?’

ಹೌದೆಂದು ತಲೆಯಾಡಿಸಿದೆ.

ಅವನ ಮುಖ ಹಗುರವಾಯಿತು. ಆಮೇಲೆ ನಿಧಾನವಾಗಿ, ಬೇಸರವಿಲ್ಲದೆ, ಲೆಕ್ಕ ಒಪ್ಪಿಸುವವನ ಹಾಗೆ ಅಂದ: ‘ಹಂಗಾರ ಹೋಗು ಅಂದಾಕೀನೂ ನೀನ.’

ಶಮೀಮ ತಾಟು ತಂದಿಟ್ಟಳು. ಊಟ ಮಾಡಿದೆವು. ಜೋಳದ ರೊಟ್ಟಿ ಮೆತ್ತಗಿತ್ತು, ಹುಬ್ಬಳ್ಳಿಯವಳ ಕೈ ಎಂದು ದಾವಲ ಮಗಳನ್ನು ಹೊಗಳಿದ. ಸಂಜೆ ರೈಲಿಗೆ ಬಿಡಲು ಸ್ಟೇಷನ್ನಿಗೆ ಬಂದ. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಪಕ್ಕದಲ್ಲಿ ಕೂತು, ಮೊಮ್ಮಕ್ಕಳ ತುಂಟತನ, ಅಳಿಯನ ಅಂಗಡಿ, ಇಲ್ಲಿಯ ಬಿಸಿಲು ಎಲ್ಲವನ್ನೂ ಹೇಳಿದ. ಒಂದೊಂದು ಮಾತಾದ ಮೇಲೂ ನನ್ನ ಕಡೆ ತಿರುಗಿ, ನಾನು ಎದುರು ಮಾತು ಹೇಳುವಷ್ಟು ಹೊತ್ತು ಸುಮ್ಮನಿದ್ದು, ಹೇಳಿದೆನೆಂಬಂತೆ ನಕ್ಕು, ಮುಂದಿನ ಮಾತಿಗೆ ಹೋಗುತ್ತಿದ್ದ. ಅವನು ಕೇಳಿಸಿಕೊಂಡದ್ದು ಏನೆಂದು ನನಗೆ ಗೊತ್ತಾಗಲಿಲ್ಲ. ರೈಲು ಬಂದಾಗ ನನ್ನ ಚೀಲವನ್ನು ಅವನೇ ಎತ್ತಿ ಒಳಗಿಟ್ಟ.